ನೂಲು ನನ್ನದು, ಅಕ್ಕ

ಗುಂಡ್ಲುಪೇಟೆ
28 ನವೆಂಬರ್ 2024

ಅಕ್ಕ ಮಹದೇವಮ್ಮನಿಗೆ,

ತಂಗಿ ಚಿಕ್ಕಮಲ್ಲಿಯ ಶರಣು. ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿದ್ದರೂ ತಾರಸಿಗೆ ಹೋಗಿ ನೀರಿನ ಟ್ಯಾಂಕು ಇಣುಕಿ ನೋಡುತ್ತಾರಂತೆ. ಪವಿತ್ರ ಹೇಳಿದಳು. ನೋಡು, ನನ್ನ ಅಕ್ಕನ ಮನೆ ಟ್ಯಾಂಕಿನ ಸುದ್ದಿಯೂ ನನಗೆ ನನ್ನ ಮಗಳಿಂದಲೇ ಬರಬೇಕು.

ಪವಿತ್ರಳ ಸೀಮಂತ ಮುಗಿಸಿ ಬೀಗರ ಕುದೇರಿಂದ ಬಂದ ಮಾರನೇ ದಿನವೇ ಬರೆಯಬೇಕು ಅಂದುಕೊಂಡಿದ್ದೆ. ಆಗಲಿಲ್ಲ, ತಪ್ಪು ತಿಳಿಯಬೇಡ. ಅಯ್ಯಪ್ಪನ ಮಾಲೆಯವರ ಕಾಲ ಶುರುವಾಯಿತು. ಕೇರಳಕ್ಕೆ ಹೋಗುವ ವ್ಯಾನುಗಳೆಲ್ಲ ನಮ್ಮೂರಲ್ಲೇ ನಿಂತು ಇಡ್ಲಿ ತಿನ್ನುತ್ತವೆ. ಹೋಟೆಲಿನವರದ್ದು ಒಂದೇ ಸಮ ಫೋನು, ಹಿಟ್ಟು ಕಳಿಸಿ, ಹಿಟ್ಟು ಕಳಿಸಿ ಅಂತ. ಗ್ರೈಂಡರು ತಣ್ಣಗಾಗೋಕೆ ಬಿಟ್ಟಿಲ್ಲ. ದೇವರು ಬೆಟ್ಟದ ಮೇಲಿದ್ದರೂ ಅವನ ಭಕ್ತರ ಹೊಟ್ಟೆ ನನ್ನ ಕೈಯಲ್ಲಿದೆ ಅಂತ ಯಜಮಾನರ ಹತ್ತಿರ ಜಂಬ ಕೊಚ್ಚಿದೆ. ಅವರು ‘ಉದ್ದು ನೆನಸ್ದಾ?’ ಅಂದರು. ಅಷ್ಟೇ ಅವರ ಮಾತು, ನಿನಗೆ ಗೊತ್ತಲ್ಲ.

ಫೋನು ಮಾಡಬಹುದಿತ್ತು ಅಂತೀಯ. ಮಾಡಿದರೆ ನೀನು ಸ್ಪೀಕರಿಗೆ ಹಾಕುತ್ತೀಯ, ಭಾವ ಪಕ್ಕದಲ್ಲಿ ಕೂತು ಕೆಮ್ಮುತ್ತಾರೆ, ನನ್ನ ಮಾತು ಅರ್ಧದಲ್ಲೇ ನಗೆಗೆ ಬೀಳುತ್ತೆ. ಮಾತಿನಿಂದಲೇ ಈ ಊರಲ್ಲಿ ಅಂಗಡಿ ಕಟ್ಟಿದವಳು ನಾನು. ನಿನ್ನ ಎದುರು ಮಾತ್ರ ಒಂದು ಸಲವೂ ಗೆದ್ದಿಲ್ಲ. ನೀನು ಸುಮ್ಮನಿರೋದು ಕಲಿತುಬಿಟ್ಟಿದ್ದೀಯ. ಸುಮ್ಮನಿರೋರ ಹತ್ತಿರ ಯಾವ ವ್ಯಾಪಾರವೂ ಕುದುರಲ್ಲ. ಅದಕ್ಕೇ ಈ ಕಾಗದ.

ವಿಷಯ ಪವಿತ್ರಳ ಬಾಣಂತನ. ಚೊಚ್ಚಲು ತವರಲ್ಲೇ ಆಗಬೇಕು, ಅದರಲ್ಲಿ ನಿನಗೂ ನನಗೂ ಎರಡು ಮಾತಿಲ್ಲ. ಎರಡು ಮಾತಿರೋದು ತವರು ಯಾವುದು ಅನ್ನೋದರಲ್ಲಿ. ನಾನು ಹೆತ್ತೆ. ಹತ್ತನೇ ವಯಸ್ಸಿಗೆ ನಿನ್ನ ಮನೆಗೆ ಬಂದು, ಚಾಮರಾಜನಗರದಲ್ಲೇ ಓದಿ, ನಿನ್ನ ಮನೆಯಿಂದಲೇ ದೊಡ್ಡವಳಾದಳು. ಈಗ ಮೈಸೂರಲ್ಲಿ ಗಂಡನ ಜೊತೆ ಇದ್ದುಕೊಂಡು ಸಂಶೋಧನೆ ಮಾಡುತ್ತಾಳೆ. ಅಳಿಯ ಚಂದ್ರಕುಮಾರ ಬದನಗುಪ್ಪೆ ಫ್ಯಾಕ್ಟರಿಗೆ ರೈಲಲ್ಲಿ ಓಡಾಡುತ್ತಾನೆ. ಆ ಬಾಡಿಗೆ ಮನೆಯಲ್ಲಂತೂ ಬಾಣಂತನ ಆಗಲ್ಲ. ಇರೋದು ಎರಡೇ. ಗುಂಡ್ಲುಪೇಟೆ, ಇಲ್ಲವೇ ನಿಮ್ಮ ಚಾಮರಾಜನಗರ. ನಾನು, ಇಲ್ಲವೇ ನೀನು.

ಕುದೇರಲ್ಲಿ ಬೀಗಿತ್ತಿ ‘ತವರ್ನೋರು ಬನ್ನಿ, ಮಡ್ಲು ತುಂಬಿ’ ಅಂತ ಕರೆದಾಗ ನಾನು ಸೆರಗು ಸರಿಮಾಡಿಕೊಂಡು ಎದ್ದೆ. ನೀನು ಏಳಲಿಲ್ಲ, ಅದನ್ನು ಒಪ್ಪುತ್ತೀನಿ. ಕಂಬಕ್ಕೆ ಒರಗಿ ಕೂತೇ ಇದ್ದೆ. ಆದರೆ ಹುಡುಗಿಯ ಕಣ್ಣು ಎಲ್ಲಿಗೆ ಹೋಯಿತು? ಸೀದಾ ಕಂಬದ ಹತ್ತಿರ. ‘ದೊಡ್ಡವ್ವ, ಬಾ’ ಅಂದಳು. ಆಮೇಲೆ ನನ್ನನ್ನು ನೋಡಿ, ‘ಅವ್ವ, ನೀನೂ ಬಾ’ ಅಂದಳು. ಆ ‘ನೀನೂ’ ಅನ್ನೋದನ್ನು ಉದ್ದು ತೊಳೆಯುವಾಗಲೂ ಹೇಳಿ ಹೇಳಿ ನೋಡುತ್ತೀನಿ. ಕೊಟ್ಟೋಳು ಕೋಡಂಗಿ, ಇಸ್ಕೊಂಡೋಳು ಈರಭದ್ರೆ.

ಇನ್ನೊಂದು ನಿನಗೆ ಗೊತ್ತಿಲ್ಲ. ನೀನು ಹೊರಗೆ ಎಲೆ ಅಡಿಕೆ ಹಂಚುತ್ತಿದ್ದಾಗ ಬೀಗಿತ್ತಿಯ ಅತ್ತಿಗೆ, ಆ ದಪ್ಪ ಕನ್ನಡಕದವಳು, ಪವಿತ್ರಳನ್ನು ಕೆಣಕಿದಳು.

‘ಏನಮ್ಮಿ, ಬಸ್ರಿ ಎಂಗ್ಸು ಮೈಸೂರಲ್ಲಿ ಉಳ ಸಾಕ್ಕಂಡು ಕೂತಿದ್ದೀಯಂತೆ?’

‘ಹುಳ ಅಲ್ಲ ಅತ್ತೆ, ಬ್ಯಾಕ್ಟೀರಿಯಾ. ನಮ್ಮವ್ವನ ಹಿಟ್ಟು ಉಬ್ಬುಸ್ತವಲ್ಲ, ಅವುಗಳ ನೆಂಟರು ಅನ್ಕೊಳಿ.’

ಅಷ್ಟು ಜನರ ಮುಂದೆ ನನ್ನ ಹಿಟ್ಟಿನ ಹೆಸರು ಬಂತು. ನಾನು ಸ್ವಲ್ಪ ನೆಟ್ಟಗೆ ಕೂತೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ಮಗಳು ಹಸೆಮಣೆ ಮೇಲೆ ಕೂತೇ ಪಾಠ ಶುರುಮಾಡಿದಳು.

ಬ್ಯಾಕ್ಟೀರಿಯಾದ ಒಳಗೆ ಪ್ರೋಟೀನು ನೂಲಿನ ಹಾಗೆ ಉದ್ದಕ್ಕೆ ಹುಟ್ಟಿ ಬರುತ್ತಂತೆ. ನೂಲಾಗಿಯೇ ಇದ್ದರೆ ಪ್ರಯೋಜನವಿಲ್ಲ. ಸರಿಯಾಗಿ ಮಡಿಸಿಕೊಂಡು ತನ್ನ ಆಕಾರಕ್ಕೆ ಬಂದ ಮೇಲೇ ಅದು ಕೆಲಸಕ್ಕೆ ಬರೋದು. ಆದರೆ ಒಳಗೆ ಸಂತೆಮರಹಳ್ಳಿ ಸಂತೆಯಷ್ಟು ನೂಕುನುಗ್ಗಲು. ಈಗ ತಾನೇ ಹುಟ್ಟಿದ್ದು ಪಕ್ಕದ್ದಕ್ಕೆ ಅಂಟಿಕೊಂಡರೆ ಎರಡೂ ಕೆಟ್ಟವು, ಹಾಲು ಒಡೆದ ಹಾಗೆ ಗಂಟು ಗಂಟು. ಹಾಗಾಗದಂತೆ ಕಾಯೋಕೆ ಬೇರೆ ಪ್ರೋಟೀನುಗಳೇ ಇವೆಯಂತೆ. ಇಂಗ್ಲಿಷಲ್ಲಿ ಶಾಪರೋನ್ ಅಂತಾರಂತೆ. ಮದುವೆಯಲ್ಲಿ ಹೆಣ್ಣಿನ ಪಕ್ಕ ಬಿಟ್ಟು ಕದಲದ ಕಳಸಗಿತ್ತಿ ಇರುತ್ತಾಳಲ್ಲ, ಅವಳ ಥರ ಅಂದಳು. ಒಬ್ಬಳು ನೂಲು ಹೊರಬೀಳುವ ಬಾಗಿಲಲ್ಲೇ ಸೂಲಗಿತ್ತಿಯಂತೆ ಕೈಯೊಡ್ಡಿ ನಿಂತಿರುತ್ತಾಳೆ. ಇನ್ನೊಬ್ಬಳು ಹಿಡಿಯುತ್ತಾಳೆ, ಬಿಡುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಅಷ್ಟಕ್ಕೂ ಬಗ್ಗದ ಮೊಂಡು ನೂಲಿಗೆ ಒಂದು ಕೋಣೆ, ಕೋಣೆಗೊಂದು ಮುಚ್ಚಳ. ಒಳಗೆ ಬಿಟ್ಟು ಮುಚ್ಚಿದರೆ ಯಾರ ಗಾಳಿಯೂ ಸೋಕದೆ ಒಂಟಿಯಾಗಿದ್ದು ತನ್ನಷ್ಟಕ್ಕೆ ತಾನು ಮಡಿಸಿಕೊಳ್ಳುತ್ತೆ. ಆಮೇಲೆ ಮುಚ್ಚಳ ತೆಗೆದು ಆಚೆ ಬಿಡೋದು. ಸರಿಹೋಗದಿದ್ದರೆ ಮತ್ತೆ ಒಳಗೆ. ಎಷ್ಟು ಸಲ ಮಾಡಿದರೂ ಆಗದ್ದನ್ನು ಕತ್ತರಿಸಿ ತುಂಡು ಮಾಡಿ, ಆ ತುಂಡುಗಳನ್ನು ಹೊಸ ನೂಲಿಗೆ ಬಳಸಿಕೊಳ್ಳುವ ಏರ್ಪಾಡೂ ಇದೆಯಂತೆ. ಯಾವುದೂ ದಂಡವಿಲ್ಲ. ಆ ಮಟ್ಟಿಗೆ ಬ್ಯಾಕ್ಟೀರಿಯಾ ನನ್ನ ಜಾತಿಯದೇ ಅನ್ನಿಸಿತು.

‘ಅಯ್, ಬಾಣ್ತಿ ಕ್ವಾಣೆ ಇದ್ದಂಗೆ ಬುಡು!’ ಅಂದಳು ಕನ್ನಡಕದವಳು.

‘ಊ ಅತ್ತೆ, ಅಂಗೇಯ.’

‘ನಿಂಗ್ಯಾರಮ್ಮಿ ಅಂಗೆ ಕಾದೋರು?’

‘ನಂಗಾ? ನಮ್ ದೊಡ್ಡವ್ವ.’

ಒಂದು ಗಳಿಗೆ ಯೋಚನೆ ಮಾಡಿ ಹೇಳಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಯೋಚನೆಯೇ ಮಾಡಲಿಲ್ಲ ಅಕ್ಕ. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ತಟ್ಟೆಯಲ್ಲಿದ್ದ ಬಳೆಗಳನ್ನು ಜೋಡಿಸೋಕೆ ಶುರುಮಾಡಿದೆ, ಅವು ಜೋಡಿಯಾಗಿಯೇ ಇದ್ದವು.

ನನಗೆ ಹೊಟ್ಟೆ ಉರಿಯಿತು. ಉರಿಯಿತು ಅಂತಲೇ ಬರೆಯುತ್ತಿದ್ದೀನಿ. ಸರಕು ಕೆಟ್ಟಿದ್ದರೆ ಕೆಟ್ಟಿದೆ ಅನ್ನೋದು ನನ್ನ ಅಂಗಡಿಯ ರೀತಿ. ಆದರೆ ನಾನೂ ವ್ಯಾಪಾರದವಳು, ಬರಿಗೈಲಿ ಎದ್ದು ಬರಲ್ಲ. ಅಲ್ಲೇ ಒಂದು ಪ್ರಶ್ನೆ ಹಾಕಿದೆ. ‘ಅಲ್ಲ ಮಗ, ಈ ಕಾಯೋರು ನೂಲಿಗೆ ಆಕಾರ ಹೇಳ್ಕೊಡ್ತರಾ?’

‘ಇಲ್ಲ ಕಣವ್ವ. ಆಕಾರ ನೂಲಲ್ಲೇ ಇರುತ್ತೆ. ಅವ್ರು ಕೆಡದಂಗೆ ನೋಡ್ಕೊತರೆ, ಅಷ್ಟೆ. ಕೆಲಸ ಮುಗಿದ್ಮೇಲೆ ಅವ್ರು ಅದರ ಜೊತೆ ಇರಲ್ಲ. ಬುಟ್ಬುಟ್ಟು ಹೋಯ್ತರೆ.’

ಕೇಳಿಸಿತಾ? ಆಕಾರ ನೂಲಲ್ಲೇ ಇದೆ. ಈಗ ನೀನೇ ಹೇಳು, ನೂಲು ಯಾರದು ಅಕ್ಕ?

ನಾನು ಬಸ್ಸಲ್ಲಿ ಬರುತ್ತಾ ಲೆಕ್ಕ ಹಾಕಿದೆ. ಮೂಗು ನನ್ನದು. ಕೋಪ ನನ್ನದು. ಎದುರಿಗಿದ್ದವರ ಕಣ್ಣು ನೋಡಿ ಮಾತು ತೂಗುವುದು ನನ್ನದು. ಒಂದು ಕೆಲಸ ಹಿಡಿದರೆ ಅನ್ನ ನೀರು ಮರೆಯೋದು ನನ್ನದೇ, ಯಾರು ಬೇಕಾದರೂ ಹೇಳಲಿ. ಇನ್ನು ನಿನ್ನ ಕಡೆ: ಸೀರೆ ಮಡಿಸುವಾಗ ಅಂಚಿಗೆ ಅಂಚು ಕೂರಿಸಿ ಒಂದು ಸಲ ತಟ್ಟುವುದು ನಿನ್ನದು. ಸಾರಿಗೆ ಕೊನೆಯಲ್ಲಿ ಬೆಲ್ಲ ಹಾಕುವುದು ನಿನ್ನದು. ನಗು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ನಿನ್ನದು. ಬಸ್ಸು ಬೇಗೂರು ದಾಟೋ ಹೊತ್ತಿಗೆ ನಿನ್ನ ಕಡೆಯ ಪಟ್ಟಿ ನನ್ನದಕ್ಕಿಂತ ಉದ್ದವಾಗುತ್ತಾ ಹೋಯಿತು, ಲೆಕ್ಕ ನಿಲ್ಲಿಸಿ ಕಿಟಕಿ ಆಚೆ ನೋಡಿದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನನ್ನ ಮಾತು ಅವಳು ಕೇಳಲ್ಲ, ನಿನ್ನದು ಕೇಳುತ್ತಾಳೆ. ‘ಗುಂಡ್ಲುಪೇಟೆಗೆ ಹೋಗು ಮಗ’ ಅಂತ ನೀನೇ ಹೇಳಿಬಿಡು. ಕಾಯೋರು ಕೆಲಸ ಮುಗಿದ ಮೇಲೆ ಬಿಟ್ಟು ಹೋಗಬೇಕು ಅನ್ನೋದು ನನ್ನ ಮಾತಲ್ಲ, ವಿಜ್ಞಾನದ ಮಾತು. ಹಿಟ್ಟು ಹುದುಗೋಕೆ ಇಡುವ ಆ ಬೆಚ್ಚನೆ ಕೋಣೆಯನ್ನೇ ಅವಳಿಗೆ ಅಂತ ಖಾಲಿ ಮಾಡಿಸುತ್ತಿದ್ದೀನಿ. ಸುಣ್ಣ ಬಳಿಸುತ್ತೀನಿ. ಗ್ರೈಂಡರ್ ಗೋಡೆಯ ಶಾಖಕ್ಕೆ ಚಳಿಗಾಲದಲ್ಲೂ ಆ ಕೋಣೆ ಮಡಿಲಿನ ಹಾಗಿರುತ್ತೆ. ನಿಮ್ಮ ನಗರದ ಮನೆಯಲ್ಲಿ ಅಂಥ ಕೋಣೆ ಎಲ್ಲಿದೆ?

ನಿನ್ನ ಕಾಲಿಗೆ ಬಿದ್ದಷ್ಟೇ ಜಗಳವಾಡುವ,
ಚಿಕ್ಕಮಲ್ಲಿ

ಮರೆತಿದ್ದೆ: ಅಂಟಿನುಂಡೆಗೆ ಒಳ್ಳೆ ಅಂಟು ಇಲ್ಲಿ ಸಿಗುತ್ತಿಲ್ಲ. ನಿಮ್ಮಲ್ಲಿ ಸಿಕ್ಕರೆ ತೆಗೆದಿಡು. ನಾನೇ ಕಟ್ಟುತ್ತೀನಿ, ನೀನು ಕಟ್ಟಬೇಡ.


ಗುಂಡ್ಲುಪೇಟೆ
9 ಜನವರಿ 2025

ಅಕ್ಕ,

ಶರಣು. ಈ ಸಲ ತಡವಾಗಿದ್ದಕ್ಕೆ ಅಯ್ಯಪ್ಪನ ಮೇಲೆ ಹಾಕಲ್ಲ. ಬರೆಯೋಕೆ ಮನಸ್ಸೇ ಬರಲಿಲ್ಲ. ಮೂರು ಸಲ ಕೂತೆ, ಮೂರು ಸಲವೂ ಉದ್ದಿನಬೇಳೆ ಆರಿಸೋಕೆ ಎದ್ದು ಹೋದೆ.

ನನ್ನ ಅಷ್ಟುದ್ದ ಕಾಗದಕ್ಕೆ ನೀನು ಕಾಗದ ಬರೆಯಲಿಲ್ಲ. ಭಾವನ ಕೈಯಲ್ಲಿ ಒಂದು ಚೀಲ ಕಳಿಸಿದೆ. ಬಿಚ್ಚಿ ನೋಡಿದರೆ ನಿನ್ನ ಹಳೆಯ ಹತ್ತಿ ಸೀರೆಗಳು. ಒಗೆದು ಒಗೆದು ಕೆನೆಯ ಹಾಗೆ ಮೆತ್ತಗಾದವು, ಮಗುವಿಗೆ ಸುತ್ತೋಕೆ ಅಂತ ಚೌಕ ಚೌಕವಾಗಿ ಹರಿದು, ಅಂಚಿಗೆ ಅಂಚು ಕೂರಿಸಿ ಮಡಿಸಿದವು. ಜೊತೆಗೆ ನಾನು ಕೇಳಿದ ಅಂಟು. ಬಾಯಿಮಾತಿಗೆ ಭಾವ ಅಂದರು, ‘ಪವಿತ್ರ ಎಲ್ಲಿ ಅಂತಳೋ ಅಲ್ಲೇ ಆಗ್ಲಿ ಅಂದ್ಲು ನಿಮ್ಮಕ್ಕ. ಗುಂಡ್ಲುಪೇಟೆ ಆದ್ರೆ ಈ ಬಟ್ಟೆ ಅಲ್ಲೇ ಇರ್ಲಿ.’

ನೀನು ಜಗಳಕ್ಕೆ ಬಂದಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಆ ಬಟ್ಟೆಗಳನ್ನು ಮೂಸಿ ನೋಡಿದೆ. ನಿನ್ನ ಟ್ರಂಕಿನ ನಾಫ್ತಲೀನ್ ಗುಳಿಗೆಯ ವಾಸನೆ. ಹುಟ್ಟಿದ ಕೂಡಲೇ ನನ್ನ ಮೊಮ್ಮಗು ಮೊದಲು ಕಲಿಯುವ ವಾಸನೆಯೂ ನಿನ್ನದೇ ಆಗಲಿ ಅಂತ ಸಂಚು ಹೂಡಿದ್ದೀಯ ಅನ್ನಿಸಿತು. ಎರಡು ಸಲ ಒಗೆಸಿದೆ. ವಾಸನೆ ಹೋಗಲಿಲ್ಲ.

ಕೋಣೆಯ ಕತೆ ಹೇಳುತ್ತೀನಿ, ನಗು. ಹಿಟ್ಟಿನ ಡ್ರಮ್ಮುಗಳನ್ನೆಲ್ಲ ಪಡಸಾಲೆಗೆ ಸಾಗಿಸಿ, ಕೋಣೆಗೆ ಸುಣ್ಣ ಬಳಿಸಿ, ಹಗ್ಗದ ಮಂಚ ಬಿಗಿಸಿ ಹಾಕಿಸಿದೆ. ಕಿಟಕಿಗೆ ಹಳದಿ ಪರದೆ. ತೊಟ್ಟಿಲಿಗೆ ಅಂತ ತೊಲೆಗೆ ಕೊಂಡಿ ಹೊಡೆಸಿದೆ. ಖಾಲಿ ಕೊಂಡಿಗೆ ದೃಷ್ಟಿಯಾಗುತ್ತೆ ಅಂತ ಯಾರೋ ಅಂದಿದ್ದಕ್ಕೆ ಅದಕ್ಕೊಂದು ನಿಂಬೆಹಣ್ಣನ್ನೂ ಕಟ್ಟಿದೆ. ಈ ಸಂಭ್ರಮದಲ್ಲಿ ಒಂದು ಮರೆತೆ. ಧನುರ್ಮಾಸದ ಚಳಿ. ಬಂಡೀಪುರದ ಕಡೆಯಿಂದ ಬೀಸುವ ಗಾಳಿ ಪಡಸಾಲೆಗೆ ಸೀದಾ ನುಗ್ಗುತ್ತೆ. ಬೆಳಿಗ್ಗೆ ಡ್ರಮ್ಮಿನ ಮುಚ್ಚಳ ತೆಗೆದರೆ ಹಿಟ್ಟು ರಾತ್ರಿ ಹೇಗಿತ್ತೋ ಹಾಗೇ ಮಲಗಿದೆ. ಉಬ್ಬಿಲ್ಲ, ಹುಳಿ ಬಂದಿಲ್ಲ. ಅದನ್ನೇ ಕಳಿಸಿದೆವು, ಬೇರೆ ಏನು ಮಾಡೋದು? ಮಲಯಾಳಿ ಹೋಟೆಲಿನ ನಾಯರ್ ಫೋನು ಮಾಡಿ, ‘ಚೇಚಿ, ಇದ್ ಇಡ್ಲಿಯಾ, ಗೋಲಿಯಾ? ಸ್ವಾಮಿಗಳು ಬಾಯಿಗೆ ಹಾಕ್ಕೊಂಡ್ರೆ ಹಲ್ಲು ಹೋಯ್ತದೆ’ ಅಂದ. ಇಷ್ಟು ವರ್ಷದಲ್ಲಿ ನನ್ನ ಹಿಟ್ಟು ವಾಪಸು ಬಂದದ್ದು ಅದೇ ಮೊದಲು. ಯಜಮಾನರು ಪಡಸಾಲೆ ನೋಡಿದರು, ಕೋಣೆ ನೋಡಿದರು, ‘ಬಾಣ್ತಿ ಇನ್ನೂ ಬಂದಿಲ್ವಲ್ಲ’ ಅಂದರು. ‘ಬತ್ತಳೆ’ ಅಂದೆ. ಡ್ರಮ್ಮುಗಳಿಗೆ ಕಂಬಳಿ ಹೊದಿಸಿದೆ, ಕೋಣೆಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ.

ಇಷ್ಟು ನಷ್ಟ ಮಾಡಿಕೊಂಡ ಮೇಲೆ ಸುಮ್ಮನೆ ಕೂರೋಕಾಗುತ್ತಾ? ಒಬ್ಬಟ್ಟು ಕಟ್ಟಿಕೊಂಡು ಮೈಸೂರಿಗೆ ಹೋದೆ, ಅವಳ ಬಾಯಿಂದಲೇ ‘ಬರ್ತೀನಿ’ ಅನ್ನಿಸಿಕೊಂಡು ಬರೋಣ ಅಂತ. ಮನೆಗಲ್ಲ, ಸೀದಾ ಅವಳ ಲ್ಯಾಬಿಗೇ. ಮಗಳ ಲ್ಯಾಬನ್ನು ನಾನು ನೋಡಿದೆ ಅಕ್ಕ. ನೀನು ನೋಡಿಲ್ಲ. ಇದನ್ನು ಎರಡು ಸಲ ಓದಿಕೋ.

ಬಿಳಿ ಕೋಟು ಹಾಕಿಕೊಂಡಿದ್ದಳು. ಹೊಟ್ಟೆ ಮುಂದೆ ಬಂದು ಗುಂಡಿ ಕೂತಿರಲಿಲ್ಲ. ನನ್ನನ್ನು ಕಂಡು ಗಾಬರಿಯಾಗಿ ‘ದೊಡ್ಡವ್ವ ಚೆನ್ನಾಗವ್ಳಾ?’ ಅಂತಲೇ ಮೊದಲು ಕೇಳಿದಳು. ಚೆನ್ನಾಗಿದ್ದಾಳೆ ಅಂದೆ. ಆಮೇಲೆ ಸ್ಟೂಲು ಒರೆಸಿ ಕೂರಿಸಿ, ‘ನೋಡ್ತೀಯಾ ಅವ್ವ, ನಿನ್ನೆ ಇಟ್ಟಿದ್ದು ಇವತ್ತು ಬಂದದೆ’ ಅಂತ ಮುಚ್ಚಳವಿರುವ ಗಾಜಿನ ತಟ್ಟೆಗಳನ್ನು ತಂದಳು.

ಪ್ರತಿ ತಟ್ಟೆಗೂ ನಡುವೆ ಒಂದು ಗೆರೆ. ಎಡಕ್ಕೆ ಮಾಮೂಲಿ ಬ್ಯಾಕ್ಟೀರಿಯಾ. ಬಲಕ್ಕೆ ಕೂಡ ಅದೇ, ಆದರೆ ಆ ಹಿಡಿದು ಬಿಡುವ ಕಳಸಗಿತ್ತಿ ಇದ್ದಾಳಲ್ಲ, ಅವಳನ್ನು ತೆಗೆದುಹಾಕಿದ್ದಾರೆ. ತಂಪಲ್ಲಿ ಇಟ್ಟ ತಟ್ಟೆಯನ್ನು ಮೊದಲು ತೋರಿಸಿದಳು. ಎರಡೂ ಕಡೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ. ಬಲಗಡೆಯವು ಒಂದು ಚೂರು ಸಣ್ಣ, ಅಷ್ಟೇ. ನನಗೆ ಒಳಗೊಳಗೇ ಖುಷಿ. ನೋಡು, ಕಾಯೋರಿಲ್ಲದೆಯೂ ನೂಲು ತನ್ನ ಪಾಡಿಗೆ ತಾನು ಬದುಕಿದೆ.

ಆಮೇಲೆ ಬಿಸಿಯಲ್ಲಿ ಇಟ್ಟ ತಟ್ಟೆ ತೆಗೆದಳು. ಎಡಕ್ಕೆ ಚುಕ್ಕಿಗಳು ಇದ್ದವು. ಬಲಕ್ಕೆ ಏನೂ ಇಲ್ಲ. ತೊಳೆದಿಟ್ಟ ಬಾಣಲೆ ಹಾಗೆ ಬರಿದು.

‘ಇದೂ ಅದೇಯಾ?’ ಅಂದೆ.

‘ಅದೇ ಅವ್ವ. ಬಿಸಿ ಏರ್ದಾಗ ಮಡಿಸ್ಕೊಂಡಿದ್ದ ನೂಲೂ ಬಿಚ್ಕೊತದೆ, ಒಂದಕ್ಕೊಂದು ಅಂಟ್ಕೊತವೆ. ಆಗ ಅವು ಒಳಗಿಂದ್ಲೇ ಕೂಗಾಕ್ತವೆ, ಇನ್ನೂ ಕಾಯೋರ್ನ ಕಳ್ಸಿ ಅಂತ. ಇದ್ರಲ್ಲಿ ಕಳ್ಸಕ್ಕೆ ಅವ್ಳೇ ಇಲ್ಲ.’

‘ತಂಪಲ್ಲಿ ಇದ್ವಲ್ಲ?’

‘ತಂಪಲ್ಲಿ ಯಾರ್ ಬೇಕಾದ್ರೂ ಇರ್ತರೆ ಕಣವ್ವ.’

ಅವಳು ನಮ್ಮಿಬ್ಬರನ್ನು ನೆನೆದು ಹೇಳಿದ್ದಲ್ಲ. ಅವಳ ತಟ್ಟೆ, ಅವಳ ಕೆಲಸ, ಅದರ ಖುಷಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ನನಗೆ ಮಾತ್ರ ಆ ಬರಿದು ಅರ್ಧವನ್ನು ನೋಡುತ್ತಾ ನೋಡುತ್ತಾ ಅವಳಿಗೆ ಹತ್ತು ತುಂಬಿದ ಆ ವರ್ಷ ಕಂಡಿತು. ಯಜಮಾನರು ಘಾಟಿಯಲ್ಲಿ ಟೆಂಪೋ ಸಮೇತ ಉರುಳಿ ಸೊಂಟ ಮುರಿದುಕೊಂಡು ಮಲಗಿದ್ದರು. ನಾನು ಹಗಲು ಆಸ್ಪತ್ರೆ, ರಾತ್ರಿ ಒರಳು. ಹುಡುಗಿ ಮನೆಯಲ್ಲಿ ಅಪ್ಪನ ಖಾಲಿ ಮಂಚದ ಕೆಳಗೆ ಹೋಗಿ ಕೂರುತ್ತಿತ್ತು, ಕರೆದರೂ ಬರುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಮಾಸ್ತರು ಸ್ಲೇಟು ಕೊಟ್ಟರೆ ಒಂದಕ್ಷರ ಬರೆಯುತ್ತಿರಲಿಲ್ಲ. ನೀನು ಬಸ್ಸಿಳಿದು ಬಂದೆ. ಉಪದೇಶ ಮಾಡಲಿಲ್ಲ, ಅಳಲಿಲ್ಲ. ನೀನೂ ಮಂಚದ ಕೆಳಗೆ ಬಗ್ಗಿ ಕೂತೆ. ಆ ದಪ್ಪ ಮೈ ಇಟ್ಟುಕೊಂಡು! ಸಂಜೆಯ ಹೊತ್ತಿಗೆ ಅವಳು ನಿನ್ನ ಸೆರಗು ಹಿಡಿದುಕೊಂಡು ಆಚೆ ಬಂದಳು. ಆ ಸೆರಗನ್ನು ಇವತ್ತಿಗೂ ಬಿಟ್ಟಿಲ್ಲ.

ನೂಲು ನನ್ನದೇ ಅಕ್ಕ. ಅದನ್ನು ಬಿಟ್ಟುಕೊಡಲ್ಲ. ಆದರೆ ಬಿಸಿಯ ತಟ್ಟೆಯಲ್ಲಿ ನನ್ನ ನೂಲು ಉಳಿದದ್ದು ಹೇಗೆ ಅಂತ ಇನ್ನು ನಾನು ಯಾರನ್ನೂ ಕೇಳಬೇಕಾಗಿಲ್ಲ. ಇಷ್ಟು ಬರೆಯೋಕೆ ನನಗೆ ಹೇಗಾಗುತ್ತಿದೆ ಅಂದರೆ, ನಾಯರ್ ಎದುರು ನಿಂತು ‘ನಿನ್ನ ಚಟ್ನಿ ಚೆನ್ನಾಗಿದೆ’ ಅಂದ ಹಾಗಾಗುತ್ತಿದೆ. ಇದನ್ನು ಭಾವನಿಗೆ ಓದಿ ಹೇಳಬೇಡ.

ಇನ್ನೂ ಒಂದು ಹೇಳಿದಳು. ಬಿಸಿ ಇಳಿದ ಮೇಲೆ ಕೆಲಸವಿಲ್ಲದೆ ನಿಂತ ಕಳಸಗಿತ್ತಿಯರೇ ಆ ಕೂಗನ್ನು ಹಿಡಿದು ಅಡಗಿಸುತ್ತಾರಂತೆ, ಇನ್ನು ಸಾಕು, ನಾವಿರೋದೇ ಹೆಚ್ಚು ಅಂತ. ಅದನ್ನು ಕೇಳಿದ ಕೂಡಲೇ ನಿನಗೆ ಎಸೆಯೋಕೆ ಒಳ್ಳೆ ಕಲ್ಲು ಸಿಕ್ಕಿತು ಅಂದುಕೊಂಡೆ. ‘ನಮ್ಮನೆ ಬಿಸಿ ಇಳಿದು ಎಷ್ಟೋ ಕಾಲವಾಯಿತು, ನಿನ್ನ ಕೈ ಇನ್ನೂ ಬಿಟ್ಟಿಲ್ಲವಲ್ಲ’ ಅಂತ ಬರೆಯಬೇಕು ಅಂತ ಬಸ್ಸಿನಲ್ಲೇ ವಾಕ್ಯ ಕಟ್ಟಿದ್ದೆ. ಈಗ ಬರೆದೂ ಬಿಟ್ಟೆ. ಆದರೆ ಎಸೆದಷ್ಟು ಸುಖವಾಗಲಿಲ್ಲ. ಹಿಡಿದುಕೊಂಡಿರೋದು ನೀನಲ್ಲ, ಅವಳು.

ಕೊನೆಗೆ ಹೊರಗಡೆ ಕಟ್ಟೆಯ ಮೇಲೆ ಕೂತು ಒಬ್ಬಟ್ಟು ತಿನ್ನುತ್ತಿದ್ದಾಗ ಕೇಳಿಯೇಬಿಟ್ಟೆ. ‘ಎಲ್ಲಿ ಮಗ ಬಾಣ್ತನ?’

ಅವಳು ಒಬ್ಬಟ್ಟಿನ ಅಂಚು ಮುರಿಯುತ್ತಾ, ‘ನಗರದಲ್ಲೇ ಆಗ್ಲಿ ಕಣವ್ವ. ನಿಂಗೆ ಅಂಗ್ಡಿ ಕೆಲಸ ಇರ್ತದೆ. ಸುಮ್ನೆ ನಿಂಗ್ಯಾಕೆ ತೊಂದ್ರೆ’ ಅಂದಳು.

‘ತೊಂದ್ರೆನಾ? ಕ್ವಾಣೆ ಮಾಡ್ಸಿವ್ನಿ. ಮಂಚ ಹಾಕ್ಸಿವ್ನಿ. ಇಟ್ನೆಲ್ಲ ಪಡಸಾಲೆಗೆ ಆಕ್ಬುಟ್ಟೆ.’

‘ಆ ಹಿಟ್ಟಿನ ಕ್ವಾಣೆನಾ?’ ಅಂದಳು. ನಗಲಿಲ್ಲ. ನನ್ನ ಕೈ ಮೇಲೆ ಕೈ ಇಟ್ಟು ಒಂದು ಮಾತು ಹೇಳಿದಳು. ಆ ಮಾತು ಇಲ್ಲಿ ಬರೆಯಲ್ಲ. ಜಗಳವೂ ಅಲ್ಲ, ಬೈಗುಳವೂ ಅಲ್ಲ. ಒಳ್ಳೆಯ ಮಾತೇ. ಅದನ್ನು ಕೇಳಿದ ಮೇಲೆ ಚೌಕಾಸಿ ಬಿಟ್ಟೆ, ಉಳಿದ ಒಬ್ಬಟ್ಟು ಅವಳ ಕೈಗಿಟ್ಟು ಬಸ್ಸು ಹಿಡಿದೆ, ಅಷ್ಟೇ.

ಹಾಗಾಗಿ ನಿರ್ಧಾರ ಹೇಳುತ್ತೀನಿ. ಬಾಣಂತನ ನಿನ್ನ ಮನೆಯಲ್ಲೇ. ಹಿಟ್ಟಿನ ಡ್ರಮ್ಮುಗಳು ಮತ್ತೆ ಕೋಣೆಗೆ ಹೋದವು. ಹಗ್ಗದ ಮಂಚದ ಮೇಲೇ ಎರಡು ಇಟ್ಟಿದ್ದೀವಿ. ಹಿಟ್ಟು ಈಗ ಮುಚ್ಚಳ ದೂಡಿಕೊಂಡು ಉಬ್ಬುತ್ತಿದೆ. ಯಾರಿಗೂ ಬೇಡವಾದ ಕೋಣೆ ಅದಕ್ಕಾದರೂ ಬೇಕಾಯಿತು.

ಆದರೆ ನಾನೂ ಬರುತ್ತೀನಿ. ಒಂಬತ್ತನೇ ತಿಂಗಳು ಹತ್ತಿದ ಕೂಡಲೇ ಬಂದು ಬಿಡುತ್ತೀನಿ. ಅಂಗಡಿ ಯಜಮಾನರದ್ದು. ‘ನಿಭಾಯಿಸ್ತೀರಾ?’ ಅಂದರೆ ಈ ಸಲ ಎಂದೂ ಇಲ್ಲದಷ್ಟು ಮಾತಾಡಿದರು: ‘ಓಗು. ಅಕ್ಕನ ಮನೇಲಿ ಬಾಯಿ ಮುಚ್ಕಂಡಿರು.’ ನೆಂಟಳಾಗಿ ಬರಲ್ಲ. ಹಾಲ್‌ನಲ್ಲಿ ಸೋಫಾ ಮೇಲೆ ಕೂರಿಸಿ ಕಾಫಿ ತಂದುಕೊಟ್ಟೆಯೋ, ಅದೇ ಬಸ್ಸಿಗೆ ವಾಪಸು. ನೀರೊಲೆ ನನ್ನದು. ಪಥ್ಯದ ಅಡುಗೆ ನಿನ್ನದು, ಸಾರಿಗೆ ಬೆಲ್ಲ ಬೇಕಾದರೂ ಹಾಕು. ಬಾಣಂತಿಗೆ ಎಣ್ಣೆ ಒತ್ತುವುದು ನಿನ್ನದು, ನಿನ್ನ ಕೈಗೇ ಅವಳು ಕಣ್ಣು ಮುಚ್ಚೋದು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವುದು ಮಾತ್ರ ನಾನು. ಅದರಲ್ಲಿ ಮಾತಿಲ್ಲ. ಅದು ಇನ್ನೂ ಯಾರ ಸೆರಗನ್ನೂ ಹಿಡಿದಿಲ್ಲ.

ನಿನ್ನ ಹಳೆ ಸೀರೆ ಬಟ್ಟೆಗಳನ್ನು ವಾಪಸು ತರುತ್ತೀನಿ. ನನ್ನವೂ ಒಂದೆರಡು ಹರಿದು ಸೇರಿಸಿದ್ದೀನಿ. ನನ್ನವು ಅಷ್ಟು ಮೆತ್ತಗಿಲ್ಲ, ಹಿಟ್ಟಿನ ಹುಳಿ ವಾಸನೆಯೂ ಇದೆ. ಎರಡನ್ನೂ ಬೆರೆಸಿ ಇಡು. ಮೇಲೆ ನಿನ್ನವು, ಕೆಳಗೆ ನನ್ನವು ಅಂತ ಮಾಡಬೇಡ. ನಾನು ನೋಡುತ್ತೀನಿ.

ಮಾದಪ್ಪ ಹೆರಿಗೆಯನ್ನು ಹೂವೆತ್ತಿದ ಹಾಗೆ ಮಾಡಲಿ. ನನಗಿಂತ ದೊಡ್ಡವಳು ನೀನು, ಹರಸುವ ಸರದಿ ನಿನ್ನದು. ಆದರೂ ಒಂದು ಸಲ ನಾನೇ ಹರಸಿಬಿಡುತ್ತೀನಿ: ನಿನ್ನ ಕೈ ತಂಪಾಗಿರಲಿ ಅಕ್ಕ. ಭಾವ ಟ್ಯಾಂಕು ಹತ್ತದಿರಲಿ.

ನಿನ್ನ,
ಚಿಕ್ಕಮಲ್ಲಿ

ಕಾಗದ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದೆ. ಬರೆಯಲ್ಲ ಅಂದಿದ್ದನ್ನು ಬರೆಯುತ್ತೀನಿ.

ಪವಿತ್ರ ನಮ್ಮನೆಗೆ ಬಂದಾಗ ಕಾಫಿಗೆ ಸಕ್ಕರೆ ಬೇಕಾದರೆ ‘ಅವ್ವ, ಸಕ್ಕರೆ ಡಬ್ಬ ಎಲ್ಲದೆ?’ ಅಂತ ಅಡುಗೆಮನೆ ಬಾಗಿಲಲ್ಲೇ ನಿಂತು ಕೇಳುತ್ತಾಳೆ. ಅವಳು ಹುಟ್ಟಿದಾಗಿನಿಂದ ಅದು ಒಂದೇ ಕಡೆ ಇದೆ. ಅದನ್ನು ತಡೆದುಕೊಂಡಿದ್ದೆ. ಆವತ್ತು ಕಟ್ಟೆಯ ಮೇಲೆ ನನ್ನ ಕೈ ಮೇಲೆ ಕೈ ಇಟ್ಟು, ‘ಥ್ಯಾಂಕ್ಸ್ ಅವ್ವ, ಇಷ್ಟೆಲ್ಲ ಮಾಡಿದ್ದಕ್ಕೆ’ ಅಂದಳು. ಹೋಟೆಲಿನವರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ. ಹೆತ್ತವಳಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ?

ನಿನಗೆ ಯಾವತ್ತಾದರೂ ಹೇಳಿದ್ದಾಳಾ ಅಕ್ಕ? ಹೇಳಿದ್ದಾಳೆ ಅಂತಲೇ ಬರಿ. ಸುಳ್ಳಾದರೂ ಪರವಾಗಿಲ್ಲ.